ಹಾಯಿಯ ಹೊದಿಕೆ

ಕಡಲನ್ನು ಕಾಣದ ಊರಿಗೆ ಕಡಲಿನ ಕೆಲಸವು ಹುಡುಕಿಕೊಂಡು ಬರುವದು ಅಪರೂಪದ ಸಂಗತಿಯೇ ಸರಿ. ಧಾರವಾಡದ ಪಶ್ಚಿಮಕ್ಕೆ, ಮಲೆನಾಡಿನ ಸೆರಗು ತೊಡಗುವಲ್ಲಿ ಮುಗದವಿರುವದು. ದೊಡ್ಡ ಕೆರೆ, ಭತ್ತದ ಗದ್ದೆಗಳು, ಕುಂಬಾರರ ತಿಗರಿ,—ಇವು ಆ ಊರಿನ ಹೆಸರನ್ನು ಹೊರಗೆ ಒಯ್ದಂಥವು. ಅಲ್ಲಿಯ ಒಬ್ಬ ಮುದಿ ಸಿಂಪಿಗನು ನಾಲ್ವತ್ತು ವರ್ಷಗಳ ಕಾಲ ಬಂಡಿಗಳಿಗೆ ತಾಡಪತ್ರಿಗಳನ್ನೂ ಬಣವೆಗಳಿಗೆ ಹೊದಿಕೆಗಳನ್ನೂ ಹೊಲಿದು ಸಂಸಾರ ಸಾಗಿಸಿದವನು. ಈಚೆಗೆ ಅವನ ಕಣ್ಣುಗಳಿಗೆ ಪೊರೆ ಬಂದಿದ್ದಿತು. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯಬೇಕಾಗುತ್ತಿದ್ದಿತು. ಹೊಲಿಗೆಯ ಯಂತ್ರವನ್ನು ಮಾರಿಬಿಡಬೇಕೆಂದು ಮಗನು ನಿಶ್ಚಯಿಸಿದ್ದನು, ಕೊಳ್ಳುವವನೂ ಗೊತ್ತಾಗಿದ್ದನು.

ಹೀಗಿರಲು ಒಂದು ದಿನ ತಮ್ಮನ ಮಗನು ಕಾರವಾರದಿಂದ ಬಂದು, ನೀಲಿಯ ಬಟ್ಟೆಯ ದೊಡ್ಡದೊಂದು ಗಂಟನ್ನು ಕಟ್ಟೆಯ ಮೇಲೆ ಇಳಿಸಿದನು. ಕಾಳೀ ನದಿಯು ಕಡಲನ್ನು ಸೇರುವಲ್ಲಿ ಲಂಗರು ಹಾಕಿದ ಒಂದು ಚಿಕ್ಕ ಹಾಯಿದೋಣಿಯನ್ನು ನೋಡಿಕೊಳ್ಳುವದು ಅವನ ಕೆಲಸ. ಗಂಟಿನಲ್ಲಿದ್ದುದು ಅದರ ದೊಡ್ಡ ಹಾಯಿಯ ಹೊದಿಕೆ. ಅದು ಹರಿದಿದ್ದಿತು, ಹರಿದುದು ಅವನ ಕೈಯಿಂದಲೇ. ಧಣಿಗೆ ತಿಳಿದರೆ ಕೆಲಸವೇ ಹೋದೀತೆಂಬ ಭಯವು ಅವನ ಮುಖದ ಮೇಲೆ ಬರೆದಂತಿದ್ದಿತು.

ಧಾರವಾಡ ಸೀಮೆಗೂ ಹಾಯಿಗೂ ಇರುವ ನಂಟು ಹೊಸದಲ್ಲ. ಉಗಿಬಂಡಿ ಬರುವ ಮುಂಚೆ ಈ ನಾಡಿನ ಹತ್ತಿಯು ಘಟ್ಟವನ್ನಿಳಿದು ಕುಮಟೆಯ ಬಂದರದಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿದ್ದಿತು. ಆದುದರಿಂದಲೇ ಬೆಳೆದ ನೆಲದ ಹೆಸರನ್ನು ಬಿಟ್ಟು ‘ಕುಮಟಾ ಹತ್ತಿ’ಯೆಂದು ಅದು ವಿಲಾಯತಿಯ ಪೇಟೆಗಳಲ್ಲಿ ಹೆಸರಾಯಿತು. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧವು ನಡೆದಾಗ ಈ ಹತ್ತಿಗೆ ಬಂಗಾರದ ಬೆಲೆ ಬಂದು, ಕಾರವಾರದ ಬಂದರವೂ ಬೆಳೆಯಿತು. ಹತ್ತಿಯನ್ನು ಹೊರುತ್ತಿದ್ದ ಹಡಗುಗಳ ಹಾಯಿಗಳೂ ಆಗ ಹತ್ತಿಯವೇ. ಈಗಿನ ಹಾಯಿಗಳು ಪಾಲಿಯೆಸ್ಟರ್ ನೂಲಿನವು. ಅವಕ್ಕೆ ಗಾಳಿಗಿಂತ ಬಿಸಿಲೇ ದೊಡ್ಡ ವೈರಿ: ಬಿಸಿಲಿನೊಳಗಿನ ಅತಿನೇರಳೆ ಕಿರಣಗಳು ನೂಲಿನ ಕಸುವನ್ನು ಮೆಲ್ಲಮೆಲ್ಲನೆ ತಿನ್ನುವವು. ಆದುದರಿಂದ ದೋಣಿಯು ನಿಂತಾಗ ಹಾಯಿಯನ್ನು ಇಳಿಸಿ, ಅಡ್ಡಮರದ ಮೇಲೆ ಮಡಿಸಿಟ್ಟು, ಮೇಲೆ ಹೊದಿಕೆ ಹಾಕಿ, ಮುಂಭಾಗವನ್ನು ಕೂವೆಮರದ ಸುತ್ತ ಕೊರಳಪಟ್ಟಿಯಂತೆ ಬಿಗಿಯುವರು.

ಮುದುಕನು ಹೊದಿಕೆಯನ್ನು ಸಿಹಿನೀರಿನಲ್ಲಿ ಅದ್ದಿಸಿ ಉಪ್ಪನ್ನು ಕಳೆದು, ನೆರಳಿನಲ್ಲಿ ಒಣಗಿಸಿದನು. ಬಳಿಕ ಹರಕಿನ ಅಂಚನ್ನು ಎರಡು ಕೈಗಳಲ್ಲಿ ಹಿಡಿದು ಜಗ್ಗಿದನು. ಹಳೆಯ ಕಾಗದದಂತೆ ಹರಿದಿದ್ದರೆ ಹೊಲಿದು ಫಲವಿರಲಿಲ್ಲ, ಅದು ಹರಿಯಲಿಲ್ಲ. ಸತ್ತುದು ಬಟ್ಟೆಯಲ್ಲ, ದಾರ. ಉಗುರಿನಿಂದ ಮೀಟಿದಲ್ಲೆಲ್ಲ ಹೊಲಿಗೆಯು ಪುಡಿಯಾಯಿತು. ಹರಕಿದ್ದುದು ಒಂದೇ ಕಡೆ: ಬಿಗಿದ ಹಗ್ಗವು ಉಜ್ಜಿದಲ್ಲಿ.

ಅಳತೆ ನೋಡಲು ಮುಗದದಲ್ಲಿ ದೋಣಿಯೆಲ್ಲಿಯದು? ಪಡಸಾಲೆಯ ಕಂಬವೇ ಕೂವೆಮರವಾಯಿತು. ಅದಕ್ಕೆ ಅಡ್ಡಲಾಗಿ ಕಟ್ಟಿದ ಬಿದಿರಿನ ಗಳುವೇ ಅಡ್ಡಮರವಾಯಿತು. ಮಡಿಸಿಟ್ಟ ಹಾಯಿಯ ಬದಲು ಮನೆಯ ನಾಲ್ಕು ಕೌದಿಗಳನ್ನು ಅದರ ಮೇಲೆ ಹೇರಿದರು. ಹುಡುಗನು ತನ್ನ ರೂಢಿಯಂತೆ ಹೊದಿಕೆಯನ್ನು ಸುತ್ತಿ, ಕೆಳಗೆ ಬಿಗಿಬಿಗಿಯಾಗಿ ಜಗ್ಗಿ ಕಟ್ಟಿದನು.

“ಹಸೀ ಹುಲ್ಲಿನ ಬಣವಿ ಹಿಂಗ ಬಿಗದ್ರ ಏನಾಕ್ಕೈತೋ ತಮ್ಮಾ?” ಎಂದು ಮುದುಕನು ಕೇಳಿದನು.

“ಬೂಸ್ಟು ಹಿಡೀತೈತ್ರಿ ಕಾಕಾ.”

“ಮತ್ತ ಹಾಯೀಗೆ ಬ್ಯಾರೇ ನ್ಯಾಯ ಐತೇನು?”

ಹುಡುಗನು ತಲೆ ತಗ್ಗಿಸಿದನು. ತೊಯ್ದ ಹಾಯಿಯನ್ನು ಹಾಗೆಯೇ ಬಿಗಿದುದರಿಂದ ಅದರ ಮೇಲೆ ಕಪ್ಪು ಕಲೆಗಳೂ ಎದ್ದಿದ್ದವೆಂಬುದನ್ನು ಅವನು ಆಗ ಹೇಳಿದನು. ಕೆಳಗೆ ಗಾಳಿಯಾಡುವಷ್ಟು ತೆರವಿರಬೇಕು, ಗಾಳಿಗೆ ಪಟಪಟನೆ ಬಡಿಯುವಷ್ಟು ಸಡಿಲವಿರಬಾರದು;—ಹೊದಿಸುವ ವಿದ್ಯೆಯೆಲ್ಲವೂ ಇವೆರಡರ ನಡುವೆ ಇರುವದು.

ತೇಪೆಗೆ ಮನೆಯಲ್ಲಿದ್ದ ಹತ್ತಿಯ ತಾಡಪತ್ರಿಯು ಸಲ್ಲಲಿಲ್ಲ. ತೊಯ್ದರೆ ಅದು ಕುಗ್ಗುವದು, ನೂತನ ನೂಲಿನ ಬಟ್ಟೆಯು ಕುಗ್ಗದು. ಧಾರವಾಡದಿಂದ ಸರಿಯಾದ ಬಟ್ಟೆಯೂ ಗಟ್ಟಿ ದಾರವೂ ಬಂದವು. ಬಣ್ಣವು ಮಾತ್ರ ಕೂಡಲಿಲ್ಲ. “ಸಾಹೇಬರಿಗೆ ಕಾಣಧಂಗ ಹೊಲೀರಿ ಕಾಕಾ” ಎಂದು ಹುಡುಗನು ಅಂಗಲಾಚಿದನು.

“ತ್ಯಾಪಿ ಮುಚ್ಚಿ ಇಟ್ರ, ಅದು ಬಿಚ್ಚಿದ್ದೂ ಕಾಣಂಗಿಲ್ಲ. ಕಾಣಲಿ ಬಿಡು.”

ಮೂಲೆಗಳೇ ಮೊದಲು ಏಳುವವಾದ್ದರಿಂದ ತೇಪೆಯ ಮೂಲೆಗಳನ್ನು ಅವನು ದುಂಡಗೆ ಕತ್ತರಿಸಿದನು. ಹಗ್ಗವು ಉಜ್ಜುವಲ್ಲಿ ಒಳಗೆ ಇನ್ನೊಂದು ಪದರವನ್ನಿಟ್ಟನು. ಹಳೆಯ ಹೊಲಿಗೆಗಳ ಮೇಲೆಲ್ಲ ಹೊಸ ಹೊಲಿಗೆಯನ್ನು ಓಡಿಸಿದನು. ಸಂಜೆಯಾಗುತ್ತ ಬಂದಿತು. ನೀಲಿಯ ಬಟ್ಟೆಯ ಮೇಲೆ ನೀಲಿಯ ದಾರವು ಅವನ ಕಣ್ಣಿಗೆ ತೀರ ಕಾಣದಾಯಿತು. ಕ್ಷಣಹೊತ್ತು ಸುಮ್ಮನಿದ್ದು, ಎದ್ದು, ಹುಡುಗನನ್ನು ಯಂತ್ರದ ಮುಂದೆ ಕೂಡ್ರಿಸಿದನು. ಕೊನೆಯ ಸಾಲನ್ನು ಹೊಲಿದವನು ಹುಡುಗನು. ಅದು ಸೊಟ್ಟಾಗಿದ್ದಿತು. ಮುದುಕನು ಬೆರಳಾಡಿಸಿ ನೋಡಿ, “ಗಟ್ಟಿ ಐತಿ” ಎಂದಷ್ಟೇ ಅಂದನು.

ಎಂಟು ದಿನಗಳ ಮೇಲೆ ಹುಡುಗನಿಂದ ಸುದ್ದಿ ಬಂದಿತು. ತೇಪೆಯನ್ನು ತಾನೇ ಧಣಿಗೆ ತೋರಿಸಿದ್ದನು. ಧಣಿಯು ಸಿಟ್ಟಾದನು, ಕೆಲಸದಿಂದ ಮಾತ್ರ ತೆಗೆಯಲಿಲ್ಲ. ಅದೇ ವಾರ ಯಂತ್ರವನ್ನು ಕೊಳ್ಳುವವನು ಬಂದನು. ಕಣ್ಣಿನ ಪೊರೆಯನ್ನು ತೆಗೆಯಿಸಿಕೊಂಡ ಬಳಿಕ ನೋಡೋಣವೆಂದು ಮುದುಕನು ಅವನಿಗೆ ಚಹ ಕುಡಿಸಿ ಕಳಿಸಿದನು.