ಕಡಲಾಚೆಯ ನಡುರಾತ್ರಿ

ಹಡಗಿನಲ್ಲಿ ಪರದೇಶಕ್ಕೆ ಹೋಗುತ್ತಿದ್ದ ಕಾಲದವರಿಗೆ ಒಂದು ಭಾಗ್ಯವಿತ್ತು. ಮುಂಬಯಿಯ ಬಂದರನ್ನು ಬಿಟ್ಟು ಪಶ್ಚಿಮಕ್ಕೆ ಹೊರಟ ಹಡಗು ದಿನವೊಂದಕ್ಕೆ ಹೆಚ್ಚೆಂದರೆ ಅರ್ಧ ಗಂಟೆಯಷ್ಟು ಕಾಲವನ್ನು ದಾಟುತ್ತಿತ್ತು. ಮನುಷ್ಯನ ಹಸಿವು, ನಿದ್ರೆ, ಎಚ್ಚರಗಳೂ ಅದರ ಜೊತೆಯಲ್ಲಿ ಮೆಲ್ಲಮೆಲ್ಲನೆ ಸರಿಯುತ್ತಿದ್ದುವು. ಇಂದಿನ ವಿಮಾನವಾದರೋ ಒಂದೇ ಹಗಲಿನಲ್ಲಿ ಭೂಗೋಳದ ಅರ್ಧವನ್ನು ದಾಟಿಸಿಬಿಡುತ್ತದೆ. ಆದರೆ ನಮ್ಮ ಶರೀರ ಇನ್ನೂ ಹಡಗಿನ ವೇಗವನ್ನೇ ನಂಬಿಕೊಂಡಿದೆ. ವಿಮಾನ ಇಳಿದವರ ಹಿಂದೆ ಅವರ ನಿದ್ರೆ ಹತ್ತಾರು ದಿನ ತಡವಾಗಿ ಬಂದು ಸೇರುತ್ತದೆ. ಇದನ್ನೇ ಈಗ ಎಲ್ಲರೂ ಜೆಟ್ ಲ್ಯಾಗ್ ಎನ್ನುತ್ತಾರೆ.

ನಮ್ಮ ಗಡಿನಾಡಿನ ಹಳ್ಳಿಗಳಲ್ಲಿ ಇಂದು ಮಗನೋ ಮಗಳೋ ಸಮುದ್ರದಾಚೆ ಇರುವ ಮನೆಗಳು ಅಪರೂಪವಲ್ಲ. ಬಾಣಂತನಕ್ಕೆಂದು ತಾಯಿತಂದೆಗಳು ಹೊರಡುತ್ತಾರೆ. ಹೊರಡುವ ಮುನ್ನ ವೀಸಾದ ಮಾತು, ಪೆಟ್ಟಿಗೆಯ ತೂಕದ ಮಾತು, ಉಪ್ಪಿನಕಾಯಿಯ ಮುಚ್ಚಳ ಬಿಗಿಯಾಗಿದೆಯೇ ಎಂಬ ಮಾತು ಬೇಕಾದಷ್ಟು ನಡೆಯುತ್ತದೆ. ಇಳಿದ ರಾತ್ರಿ ಹೇಗೆ, ಅನಂತರದ ವಾರ ಹೇಗೆ ಎಂಬ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. 2023ರ ಏಪ್ರಿಲ್ ತಿಂಗಳಲ್ಲಿ, ಬೇಸಗೆ ರಜೆ ಆರಂಭವಾದೊಡನೆ, ಚೊಚ್ಚಲ ಹೆರಿಗೆಗೆ ಕಾದಿದ್ದ ಮಗಳ ಬಳಿಗೆ ನಾವು ದಂಪತಿಗಳು ಷಿಕಾಗೋ ನಗರಕ್ಕೆ ಹೋಗಿದ್ದೆವು. ಅಂದು ಕಂಡುಕೊಂಡ ನಾಲ್ಕು ಸಂಗತಿಗಳು ಇನ್ನು ಹೊರಡಲಿರುವ ಬಂಧುಗಳಿಗೆ ಉಪಯುಕ್ತವಾದಾವು ಎಂದು ಇದನ್ನು ಬರೆಯುತ್ತಿದ್ದೇವೆ.

ಮೊದಲು ಒಂದಿಷ್ಟು ಲೆಕ್ಕ. ಭೂಮಿ 360 ಅಂಶಗಳನ್ನು 24 ಗಂಟೆಗಳಲ್ಲಿ ಸುತ್ತುವುದರಿಂದ ಒಂದು ರೇಖಾಂಶಕ್ಕೆ ನಾಲ್ಕು ನಿಮಿಷ ಎಂದು ಐದಾರನೆಯ ತರಗತಿಯ ಮಕ್ಕಳೂ ಹೇಳಬಲ್ಲರು. ಕಾಸರಗೋಡು ಸುಮಾರು 75 ಅಂಶ ಪೂರ್ವದಲ್ಲಿದೆ, ಷಿಕಾಗೋ ಸುಮಾರು 88 ಅಂಶ ಪಶ್ಚಿಮದಲ್ಲಿ. ನಡುವಣ ಅಂತರ 163 ಅಂಶ, ಎಂದರೆ ಹತ್ತಿರ ಹತ್ತಿರ 11 ಗಂಟೆ. ಗೋಡೆಯ ಗಡಿಯಾರದ ಲೆಕ್ಕದಲ್ಲಿ ಬೇಸಗೆಯಲ್ಲಿ ಹತ್ತೂವರೆ ಗಂಟೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ. ಅಮೆರಿಕದವರು ಮಾರ್ಚಿಯಿಂದ ನವೆಂಬರಿನವರೆಗೆ ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದೇ ಈ ವ್ಯತ್ಯಾಸಕ್ಕೆ ಕಾರಣ. ಒಟ್ಟಿನಲ್ಲಿ ನಮ್ಮ ಹಗಲು ಅಲ್ಲಿಯವರ ರಾತ್ರಿ, ನಮ್ಮ ರಾತ್ರಿ ಅಲ್ಲಿಯವರ ಹಗಲು.

ಶರೀರದೊಳಗೂ ಒಂದು ಗಡಿಯಾರವಿದೆ ಎಂಬುದು ಬರಿಯ ಅಲಂಕಾರದ ಮಾತಲ್ಲ. 1729ರಲ್ಲಿ ಫ್ರಾನ್ಸಿನ ಡಿ ಮೈರಾನ್ ಎಂಬ ವಿದ್ವಾಂಸ ನಮ್ಮ ಗುಡ್ಡದಲ್ಲಿ ಬೆಳೆಯುವ ನಾಚಿಕೆಮುಳ್ಳಿನ ಜಾತಿಯ ಗಿಡವೊಂದನ್ನು ಕತ್ತಲೆಯಲ್ಲಿಟ್ಟು ನೋಡಿದ. ಸೂರ್ಯನ ಮುಖವನ್ನೇ ಕಾಣದಿದ್ದರೂ ಆ ಗಿಡ ಹಗಲಿನ ವೇಳೆಗೆ ಎಲೆ ಬಿಚ್ಚಿ ರಾತ್ರಿಯ ವೇಳೆಗೆ ಮುಚ್ಚಿಕೊಳ್ಳುತ್ತಿತ್ತು. ಜೀವಕೋಶಗಳೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆಂಬುದನ್ನು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಹಾಲ್, ರೋಸ್‌ಬಾಷ್, ಯಂಗ್ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮನುಷ್ಯನಲ್ಲಿ ಇದರ ಯಜಮಾನಿಕೆ ಮಿದುಳಿನ ತಳಭಾಗದ ಸಣ್ಣದೊಂದು ಜೀವಕೋಶಗುಚ್ಛದ್ದು. ಕಣ್ಣಿನ ಮೂಲಕ ಒಳಬರುವ ಬೆಳಕೇ ಅದಕ್ಕೆ ಕೀಲಿ ಕೊಡುವ ಕೈ. ಈ ಗಡಿಯಾರ ಹೆಚ್ಚಿನವರಲ್ಲಿ 24 ಗಂಟೆಗಿಂತ ತುಸು ನಿಧಾನವಾಗಿ ನಡೆಯುತ್ತದೆ. ಆದುದರಿಂದ ದಿನವನ್ನು ಉದ್ದಮಾಡುವ ಪಶ್ಚಿಮದ ಪ್ರಯಾಣವನ್ನು ಶರೀರ ಹೇಗೋ ಸಹಿಸಿಕೊಳ್ಳುತ್ತದೆ. ದಿನವನ್ನು ಮೊಟಕುಮಾಡುವ ಪೂರ್ವದ ಪ್ರಯಾಣಕ್ಕೆ ಮುನಿಸಿಕೊಳ್ಳುತ್ತದೆ.

“ರಾತ್ರಿಯಿಡೀ ಬಯಲಾಟ ನೋಡಿ ಬೆಳಗ್ಗೆ ತೋಟಕ್ಕೆ ಇಳಿಯುವವರು ನಾವು, ನಮಗೇನು ನಿದ್ರೆಯ ಭಯ?” ಎಂದು ನೆರೆಮನೆಯ ಹಿರಿಯರೊಬ್ಬರು ನಕ್ಕಿದ್ದರು. ಪಾರ್ತಿಸುಬ್ಬನ ನಾಡಿನವರ ಈ ಮಾತು ಕೇಳಲು ಚೆನ್ನ. ಆದರೆ ಬಯಲಾಟದ ನಿದ್ರೆಗೇಡು ಬೇರೆ, ಇದು ಬೇರೆ. ಆಟದಲ್ಲಿ ಮಂಗಳ ಹಾಡುವ ಹೊತ್ತಿಗೆ ಶರೀರ ನಿರೀಕ್ಷಿಸಿದ ಗಳಿಗೆಯಲ್ಲಿಯೇ ಸೂರ್ಯ ಮೂಡುತ್ತಾನೆ. ಒಂದು ರಾತ್ರಿಯ ಸಾಲ ಮರುದಿನದ ನಿದ್ರೆಯಲ್ಲಿ ತೀರಿಹೋಗುತ್ತದೆ. ಪರದೇಶದಲ್ಲಾದರೋ ಸೂರ್ಯನೇ ತಪ್ಪಿದ ಹೊತ್ತಿಗೆ ರಂಗಸ್ಥಳಕ್ಕೆ ಬರುತ್ತಾನೆ. ಮಲಗಿದರೂ ನಿದ್ರೆ ಬಾರದು, ಎದ್ದು ಕುಳಿತರೆ ಎಚ್ಚರ ನಿಲ್ಲದು.

ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆಯಿದೆ. ಹೊರಡುವ ಮುನ್ನ ಊರಿನ ವೈದ್ಯರಲ್ಲಿ ಹೋಗಿ, ಯಾವ ಮಾತ್ರೆಯನ್ನು ಎಷ್ಟು ಗಂಟೆಗಳ ಅಂತರದಲ್ಲಿ, ಯಾವ ಊಟದೊಡನೆ ಎಂದು ಒಂದು ಹಾಳೆಯಲ್ಲಿ ಬರೆಸಿಕೊಂಡೆವು. ಮಾತ್ರೆಗಳನ್ನೂ ವೈದ್ಯರ ಚೀಟಿಯನ್ನೂ ಕೈಚೀಲದಲ್ಲಿಯೇ ಇಟ್ಟುಕೊಂಡೆವು. ನಮ್ಮ ಕೈಗಡಿಯಾರವನ್ನು ಊರಿನ ವೇಳೆಗೇ ಬಿಟ್ಟು, ಗುರಿಯೂರಿನ ವೇಳೆಯನ್ನು ಫೋನಿನಲ್ಲಿ ನೋಡಿಕೊಂಡೆವು. ವಿಮಾನದಲ್ಲಿ ಕಿಟಕಿ ಮುಚ್ಚಿ ಕತ್ತಲೆ ಮಾಡುವಾಗ ಊಟವೆಷ್ಟು ಹೊತ್ತಿನದು, ಮಾತ್ರೆಯೆಷ್ಟು ಹೊತ್ತಿನದು ಎಂಬುದು ಯಾರಿಗೂ ಮರೆತುಹೋಗುತ್ತದೆ. ಆಗ ಊರಿನ ಗಡಿಯಾರವೇ ದಾರಿ ತೋರಿಸುವುದು. ಇನ್ಸುಲಿನ್ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳದೆ ಹೊರಡಲೇಬಾರದು.

ಮಧ್ಯಾಹ್ನ ಮೂರು ಗಂಟೆಗೆ ಮನೆಯಂಗಳ ಇಳಿದು, ಮಂಗಳೂರಿನಿಂದ ಮುಂಬಯಿ, ಅಲ್ಲಿಂದ ದುಬೈ, ಅಲ್ಲಿಂದ ಹದಿನಾಲ್ಕು ಗಂಟೆ ಹಾರಿ ಅಮೆರಿಕದ ಪೂರ್ವ ಕರಾವಳಿಯ ಒಂದು ನಗರವನ್ನು ಸೇರಿದೆವು. ಆ ದೇಶದಲ್ಲಿ ಮೊದಲು ಇಳಿದ ನಿಲ್ದಾಣದಲ್ಲಿಯೇ ಪಾಸ್‌ಪೋರ್ಟಿನ ತನಿಖೆ ಮುಗಿಸಿ, ಪೆಟ್ಟಿಗೆಗಳನ್ನು ತೆಗೆದುಕೊಂಡು, ಸುಂಕದವರನ್ನು ದಾಟಿ, ಒಳನಾಡಿನ ವಿಮಾನಕ್ಕೆ ಮರಳಿ ಒಪ್ಪಿಸಬೇಕು. ತನಿಖೆಯ ಸಾಲು ಹನುಮಂತನ ಬಾಲದಂತಿತ್ತು. ಸಾಲು ಮುಗಿಯುವಷ್ಟರಲ್ಲಿ ಮುಂದಿನ ವಿಮಾನ ಹೋಗಿಯಾಗಿತ್ತು. ರಾತ್ರಿಯ ವಿಮಾನದಲ್ಲಿ ಸ್ಥಳ ಕೊಟ್ಟರು, ಅದೂ ತಡವಾಯಿತು. ಷಿಕಾಗೋದ ಓಹೇರ್ ನಿಲ್ದಾಣದಲ್ಲಿ ಇಳಿದಾಗ ನಡುರಾತ್ರಿ 12 ಗಂಟೆ 40 ನಿಮಿಷ. ಮನೆ ಬಿಟ್ಟು 44 ಗಂಟೆಗಳಾಗಿದ್ದುವು. ನಮ್ಮ ಕೈಗಡಿಯಾರದಲ್ಲಿ ಮಾತ್ರ ಬೆಳಗಿನ ಹನ್ನೊಂದು ಗಂಟೆ ಹತ್ತು ನಿಮಿಷ, ಮಕ್ಕಳು ಮಗ್ಗಿ ಒಪ್ಪಿಸುವ ಹೊತ್ತು!

ಫೋನಿಗೆ ನಿಲ್ದಾಣದ ವೈಫೈ ಸಿಕ್ಕೊಡನೆ ಅಳಿಯನ ಸಂದೇಶ ಕಾಣಿಸಿತು. ಹೇಳಿದ ದಿನಕ್ಕಿಂತ ಎರಡು ವಾರ ಮೊದಲೇ ಮಗಳಿಗೆ ನೋವು ಆರಂಭವಾಗಿ ಸಂಜೆಯೇ ಆಸ್ಪತ್ರೆಗೆ ಸೇರಿಸಿದ್ದರು. “ನಾನು ಬರಲಾರೆ ಮಾವ, ನನ್ನ ಗೆಳೆಯರು ಬರುತ್ತಾರೆ, ಗಾಬರಿಯಾಗಬೇಡಿ” ಎಂದಿತ್ತು. ಗಾಬರಿಯಾಗಬೇಡಿ ಎಂಬ ಮಾತಿನಷ್ಟು ಗಾಬರಿಯ ಮಾತು ಇನ್ನೊಂದಿಲ್ಲ. ಜನ ತೆಳುವಾದ ಆ ದೊಡ್ಡ ಪಡಸಾಲೆಯಲ್ಲಿ, ಏಪ್ರಿಲಿನಲ್ಲೂ ಮೈ ನಡುಗಿಸುವ ಚಳಿಗೆ ಶಾಲು ಹೊದ್ದು, ಪೆಟ್ಟಿಗೆಗಳ ನಡುವೆ ನಿಂತಿದ್ದಾಗ “ಮಾಷೇ” ಎಂದು ಯಾರೋ ಕರೆದರು. ಕಣ್ಣೂರು ಕಡೆಯ ಮಲೆಯಾಳಿ ಯುವಕ. ಗಡಿಯ ಈಚೆ ನಾಮಫಲಕದ ಭಾಷೆಗಾಗಿ, ನೇಮಕಾತಿಯ ಭಾಷೆಗಾಗಿ ಎಷ್ಟು ಅರ್ಜಿಗಳನ್ನು ಬರೆದ ಕೈ ನಮ್ಮದು! ಅಂದಿನ ರಾತ್ರಿ ಆ ಭಾಷೆಯ ಒಂದು ಕರೆಯೇ ನಮ್ಮ ಊರಿನ ದನಿಯಾಗಿ ಕೇಳಿಸಿತು. ನಮ್ಮ ಅರ್ಜಿಗಳ ನ್ಯಾಯ ಅದರಿಂದ ಕಡಿಮೆಯಾಗಲಿಲ್ಲ, ಆ ಹುಡುಗನ ಋಣವೂ ಕಡಿಮೆಯಾಗಲಿಲ್ಲ.

ಕಾರಿನಲ್ಲಿ ಕುಳಿತ ಮೇಲೆ ಪ್ರಶ್ನೆ ಎದ್ದಿತು, ಮನೆಗೋ ಆಸ್ಪತ್ರೆಗೋ? “ಮೂರು ಗಂಟೆಯಾದರೂ ಮಲಗಿ ಹೋದರೆ ಒಳ್ಳೆಯದಲ್ಲವೇ?” ಎಂದೆವು. “ಮಗಳು ಅಲ್ಲಿ ನೋವು ತಿನ್ನುವಾಗ ನನಗೆ ಇಲ್ಲಿ ನಿದ್ರೆ ಬರುತ್ತದೆಂದು ನಿಮಗೆ ಅನ್ನಿಸುತ್ತದೆಯೇ?” ಎಂದರು ನಮ್ಮ ಮನೆಯವರು. ವಿಜ್ಞಾನವೂ ಅವರ ಪಕ್ಷವನ್ನೇ ಹಿಡಿದಿತ್ತು. ಅವರ ಶರೀರಕ್ಕೆ ಅದು ಹಗಲಿನ ಹೊತ್ತು. ಅವರನ್ನು ಆಸ್ಪತ್ರೆಯ ಬಾಗಿಲಲ್ಲಿ ಅಳಿಯನಿಗೆ ಒಪ್ಪಿಸಿ, ನಾವು ಪೆಟ್ಟಿಗೆಗಳೊಡನೆ ಮನೆಗೆ ಬಂದೆವು. ಆ ರಾತ್ರಿ ಅವರು ಮಗಳ ಕೈಹಿಡಿದು ಎಚ್ಚರವಾಗಿಯೇ ಇದ್ದರು. ಬೆಳಗಿನ ಜಾವ ಮೊಮ್ಮಗಳು ಹುಟ್ಟಿದಳು. ಮಗಳು ಕಣ್ಣು ತೆರೆದು ಮೊದಲು ಕೇಳಿದುದು, “ಅಮ್ಮಾ, ನೀನು ನಿಜವಾಗಿ ಬಂದಿದ್ದೀಯಾ?” ಎಂದಂತೆ.

ಪರೀಕ್ಷೆ ಬಂದುದು ಅನಂತರವೇ. ಅಪರಾಹ್ನ ಮೂರು ಗಂಟೆಯೆಂದರೆ ನಮ್ಮೂರಿನ ನಡುರಾತ್ರಿ ಒಂದೂವರೆ. ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡ ಅಜ್ಜಿಯ ಕಣ್ಣು ತಾನಾಗಿ ಮುಚ್ಚತೊಡಗಿತು. ಅಲ್ಲಿದ್ದ ದಾದಿ ಮೃದುವಾಗಿಯೇ, ಆದರೆ ಖಂಡಿತವಾಗಿ, ಮಗುವನ್ನು ಎತ್ತಿ ತೊಟ್ಟಿಲಿಗೆ ಹಾಕಿದರು. ನಿದ್ರೆ ತೂಗುವವರು ಕುರ್ಚಿಯಲ್ಲಿಯಾಗಲಿ ಸೋಫಾದಲ್ಲಿಯಾಗಲಿ ಎಳೆಗೂಸನ್ನು ಎತ್ತಿಕೊಂಡು ಕುಳಿತುಕೊಳ್ಳಬಾರದು, ಕೂಸಿಗೆ ಉಸಿರುಕಟ್ಟುವ ಅಪಾಯವಿದೆ ಎಂದು ತಿಳಿಸಿದರು. ಸಹಾಯಕ್ಕೆಂದು ಸಮುದ್ರ ದಾಟಿ ಬಂದವರ ನಿದ್ರೆಯೇ ಮಗುವಿಗೆ ಮುಳುವಾಗಬಾರದಲ್ಲವೇ? ಮನೆಗೆ ಬಂದ ದಿನವೇ ನಾವು ಶಾಲೆಯ ಅಭ್ಯಾಸದಂತೆ ಒಂದು ವೇಳಾಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆವು. ಅಪರಾಹ್ನ ಎರಡರಿಂದ ಸಂಜೆ ಏಳರವರೆಗೆ ಮಗು ಅಳಿಯನ ವಶ, ಆ ಹೊತ್ತಿನಲ್ಲಿ ಅಜ್ಜ ಅಜ್ಜಿ ಮಗುವನ್ನು ಎತ್ತಿಕೊಳ್ಳತಕ್ಕದ್ದಲ್ಲ. ರಾತ್ರಿ ಹನ್ನೆರಡರಿಂದ ನಾಲ್ಕರವರೆಗೆ, ಹಾಲೂಡುವ ಹೊತ್ತೊಂದನ್ನು ಬಿಟ್ಟು, ಮಗು ನಮ್ಮ ವಶ, ಮಗಳು ಅಳಿಯ ಇಬ್ಬರೂ ಮಲಗತಕ್ಕದ್ದು.

ಹುಟ್ಟಿದ ಕೂಸಿಗೆ ಹಗಲು ರಾತ್ರಿಗಳ ಭೇದವಿಲ್ಲ. ಅದರ ಒಳಗಡಿಯಾರ ನೆಲೆಗೊಳ್ಳಲು ಎರಡು ಮೂರು ತಿಂಗಳುಗಳೇ ಬೇಕು. ಹೀಗಾಗಿ ಆ ಮನೆಯಲ್ಲಿ ನಡುರಾತ್ರಿ ಎಚ್ಚರವಾಗಿರುತ್ತಿದ್ದವರು ಮೂವರು: ಆಗತಾನೆ ಈ ಲೋಕಕ್ಕೆ ಬಂದವಳು ಒಬ್ಬಳು, ಆಗತಾನೆ ಆ ದೇಶಕ್ಕೆ ಬಂದವರು ಇಬ್ಬರು. ರಾತ್ರಿ ಎರಡು ಗಂಟೆಗೆ, ಊರಿನ ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ, ನಮಗೆ ಹಸಿವಾಗುತ್ತಿತ್ತು. ಒಂದು ಬಟ್ಟಲು ಗಂಜಿ, ಒಂದು ಮಿಡಿ ಉಪ್ಪಿನಕಾಯಿ, ದೊಡ್ಡ ದೀಪವಿಲ್ಲ, ಟಿ.ವಿ. ಇಲ್ಲ. ಅಜ್ಜಿ ಮೆಲ್ಲನೆ ಜೋಗುಳ ಹಾಡುವರು. ಆ ಗಂಟೆಗಳಲ್ಲಿ ನಮಗೆ ಸಿಕ್ಕ ಮೊಮ್ಮಗಳ ಸಹವಾಸ, ಚೆನ್ನಾಗಿ ನಿದ್ರೆ ಬಂದಿದ್ದರೆ ಸಿಗುತ್ತಿರಲಿಲ್ಲ.

ಹಾಗೆಂದು ಆ ಸ್ಥಿತಿಯಲ್ಲಿಯೇ ಉಳಿಯುವಂತಿರಲಿಲ್ಲ. ಶರೀರದ ಉಷ್ಣತೆ ಅತ್ಯಂತ ಇಳಿಯುವುದು ಸಾಮಾನ್ಯವಾಗಿ ಬೆಳಗಿನ ನಾಲ್ಕು ಐದು ಗಂಟೆಗೆ. ಅದಕ್ಕೆ ಮೊದಲು ಬಿದ್ದ ಬೆಳಕು ಒಳಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ, ಅನಂತರ ಬಿದ್ದ ಬೆಳಕು ಮುಂದಕ್ಕೆ ಎಳೆಯುತ್ತದೆ. ಪಶ್ಚಿಮಕ್ಕೆ ಹೋದ ನಮಗೆ ಹಿಂದಕ್ಕೆ ತಳ್ಳುವುದೇ ಬೇಕಾಗಿತ್ತು. ನಮ್ಮೂರಿನ ಆ ನಾಲ್ಕು ಗಂಟೆ ಅಲ್ಲಿಯ ಸಂಜೆ ಐದೂವರೆಯಾದುದರಿಂದ, ಅಪರಾಹ್ನ ಮೂರರಿಂದ ಐದರವರೆಗೆ ನಿದ್ರೆ ಎಷ್ಟೇ ಎಳೆದರೂ ಹೊರಗಿನ ಬಿಸಿಲಿನಲ್ಲಿ ನಡೆದಾಡಿದೆವು. ದಿನ ಕಳೆದಂತೆ ನಡಿಗೆಯ ಹೊತ್ತನ್ನೂ ತುಸು ತಡಮಾಡುತ್ತ ಹೋದೆವು. ತಡೆಯಲಾಗದಾಗ ಇಪ್ಪತ್ತು ನಿಮಿಷ, ಗಂಟೆ ಬಾರಿಸುವ ಗಡಿಯಾರವಿಟ್ಟು, ಮಲಗಿದೆವು. ಮಧ್ಯಾಹ್ನದ ಮೇಲೆ ಚಹ ಕಾಫಿಗಳನ್ನು ಬಿಟ್ಟೆವು. ಅಲ್ಲಿ ಮೆಲಟೋನಿನ್ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆಯೇ ಮಾರುತ್ತಾರೆ. ಬೇರೆ ಔಷಧಗಳನ್ನು ತೆಗೆದುಕೊಳ್ಳುವವರು ಕೇಳದೆ ನುಂಗುವುದು ತರವಲ್ಲವೆಂದು ನಾವು ಮುಟ್ಟಲಿಲ್ಲ. ದಿನಕ್ಕೊಂದು ಗಂಟೆಯ ಲೆಕ್ಕದಲ್ಲಿ ಹನ್ನೊಂದನೆಯ ದಿನ ರಾತ್ರಿ ಹತ್ತಕ್ಕೆ ಮಲಗಿ ಬೆಳಗ್ಗೆ ಐದಕ್ಕೆ ಎದ್ದೆವು. ವೇಳಾಪಟ್ಟಿಯನ್ನು ಅಂದೇ ಬದಲಾಯಿಸಿ ಬರೆಯಬೇಕಾಯಿತು.

ಮರಳಿ ಬಂದಾಗಿನ ಕಷ್ಟ ಹೆಚ್ಚಿನದೆಂದು ಮೊದಲೇ ತಿಳಿದಿದ್ದುದರಿಂದ, ಜೂನ್ ಆರಂಭದಲ್ಲಿ ನಡೆಯುವ ಶಾಲಾ ಪ್ರವೇಶೋತ್ಸವಕ್ಕೆ ಹತ್ತು ದಿನ ಮೊದಲೇ ಊರು ಸೇರುವಂತೆ ಟಿಕೆಟು ತೆಗೆಸಿದ್ದೆವು. ಆ ಹತ್ತು ದಿನ ಸ್ಕೂಟರನ್ನು ಮುಟ್ಟಲಿಲ್ಲ, ಹಣದ ಲೆಕ್ಕಕ್ಕೆ ಕೈಹಾಕಲಿಲ್ಲ. ಒಂದನೆಯ ತರಗತಿಯ ಮಕ್ಕಳನ್ನು ಬಾಗಿಲಲ್ಲಿ ಎದುರುಗೊಳ್ಳುವ ಮುಖ್ಯೋಪಾಧ್ಯಾಯರು ಆಕಳಿಸುತ್ತ ನಿಲ್ಲುವುದು ಶೋಭೆಯಲ್ಲವಷ್ಟೆ.

ಇನ್ನು ಹೊರಡುವ ಬಂಧುಗಳಲ್ಲಿ ಎರಡು ಮಾತು. ಒಳನಾಡಿನ ವಿಮಾನ ಹಿಡಿಯುವುದಿದ್ದರೆ ನಡುವೆ ನಾಲ್ಕು ಗಂಟೆಯಾದರೂ ಬಿಡುವಿರಲಿ. ಮಕ್ಕಳ ಮನೆಯ ವಿಳಾಸ ಮತ್ತು ಇನ್ನಿಬ್ಬರ ದೂರವಾಣಿ ಸಂಖ್ಯೆಗಳು ಫೋನಿನಲ್ಲಿ ಮಾತ್ರವಲ್ಲ, ಕಾಗದದಲ್ಲಿಯೂ ಇರಲಿ. ಒಂದು ಹೊದಿಕೆ, ಒಂದು ದಿನದ ಬಟ್ಟೆ, ಮೂರು ದಿನದ ಮಾತ್ರೆ, ಒಂದಿಷ್ಟು ಬಿಸ್ಕತ್ತು ಕೈಚೀಲದಲ್ಲಿರಲಿ. ಇಳಿದ ರಾತ್ರಿ ದೊಡ್ಡ ಮಾತುಕತೆ, ಪೆಟ್ಟಿಗೆ ಬಿಚ್ಚುವ ಸಂಭ್ರಮ ಬೇಡ. ಮೊದಲ ವಾರ ಒಲೆಯ ಮುಂದೆ, ರಸ್ತೆ ದಾಟುವಲ್ಲಿ, ಮಗುವನ್ನು ಎತ್ತುವಲ್ಲಿ ನಿಮ್ಮ ಕಣ್ಣನ್ನು ನೀವೇ ನಂಬಬೇಡಿ. ಮಕ್ಕಳಿಗೂ ಒಂದು ಮಾತು: ಬಂದ ತಾಯಿತಂದೆಗಳು ಊಟದ ಹೊತ್ತಿಗೆ ತೂಕಡಿಸಿದರೆ ಅದನ್ನು ಮುಪ್ಪೆಂದು ತಿಳಿಯಬೇಡಿ. ಅವರ ಶರೀರ ಇನ್ನೂ ದಾರಿಯಲ್ಲಿದೆ, ಹತ್ತು ದಿನಗಳಲ್ಲಿ ಬಂದು ಸೇರುತ್ತದೆ.