ಗ್ರಿಲ್ ಮೇಲೊಂದು ಬಿಲ್ಲೆ

ಹಳೇ ಕಾರುಗಳ ಗ್ರಿಲ್ ಮೇಲೆ ಒಂದು ದುಂಡನೆಯ ಲೋಹದ ಬಿಲ್ಲೆ ಇರೋದನ್ನ ನೋಡಿರ್ತೀರ. ಕಂಪನಿ ಲಾಂಛನ ಅಲ್ಲ, ಕಾರಿನವರ ಕ್ಲಬ್ಬಿನದ್ದು. ಬರೀ ಶೋಕಿ ಅಂದ್ಕೋಬೇಡಿ. ಇಂಗ್ಲೆಂಡಿನಲ್ಲಿ 1905ರಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಶುರುವಾಗಿದ್ದೇ ವೇಗ ಹಿಡಿಯೋ ಪೊಲೀಸರಿಂದ ಸದಸ್ಯರನ್ನ ಕಾಪಾಡೋಕೆ. ಹೀಗೆ ಎಚ್ಚರಿಸೋದು ತಪ್ಪು ಅಂತ 1910ರಲ್ಲಿ ಕೋರ್ಟು ಹೇಳಿತು. ಅವರು ಉಪಾಯ ತಿರುಗಿಸಿದ್ರು... ಬಿಲ್ಲೆ ಇರೋ ಕಾರಿಗೆ ಕಾವಲಿನವನು ಸಲ್ಯೂಟ್ ಹೊಡೀಬೇಕು, ಹೊಡೀಲಿಲ್ಲ ಅಂದ್ರೆ ಮುಂದೆ ಪೊಲೀಸ್ ಇದ್ದಾರೆ ಅಂತ ಅರ್ಥ! ಸಲ್ಯೂಟ್ ಹೊಡೀದೇ ಇದ್ದಿದ್ದಕ್ಕೆ ಯಾರನ್ನ ಹಿಡೀತೀರಿ? :-)

ನಮ್ಮದು ಬೆಂಗಳೂರಿನಲ್ಲಿ ಪ್ರೀಮಿಯರ್ ಪದ್ಮಿನಿ ಇಟ್ಕೊಂಡಿರೋರ ಪುಟ್ಟ ಗುಂಪು. "ನೀನು ಕಂಪ್ಯೂಟರ್‌ನವನಲ್ವೇನಪ್ಪಾ" ಅಂತ ಬಿಲ್ಲೆಯ ಡಿಸೈನು ನನ್ನ ತಲೆಗೇ ಕಟ್ಟಿದ್ರು. ಒಬ್ಬರಿಗೆ ಗಂಡಭೇರುಂಡ ಬೇಕು, ಇನ್ನೊಬ್ಬರಿಗೆ ವಿಧಾನಸೌಧ, ಮತ್ತೊಬ್ಬರಿಗೆ ಇಡೀ ಕಾರು. ಜಾಗ ಇರೋದು ಮುಕ್ಕಾಲು ಅಡಿ ಅಲ್ಲ ಸ್ವಾಮಿ, 75 ಮಿಲಿಮೀಟರು!

ಹಿತ್ತಾಳೆ ತಗಡಿಗೆ ಅಚ್ಚು ಒತ್ತಿ, ತಗ್ಗಿನಲ್ಲಿ ಎನಾಮಲ್ ಬಣ್ಣ ತುಂಬಿ, ಕಾಯಿಸ್ತಾರೆ. ಎರಡು ಬಣ್ಣದ ನಡುವೆ ಲೋಹದ ಗೆರೆ ಇರ್ಲೇಬೇಕು, ಇಲ್ಲಾಂದ್ರೆ ಒಂದಕ್ಕೊಂದು ಹರಿದು ಸೇರುತ್ತೆ. ಸ್ಕ್ರೀನಿನಲ್ಲಿ ಜೂಮ್ ಮಾಡಿದ್ರೆ ಎಲ್ಲಾ ಚೆಂದ. ಅದಕ್ಕೇ ನಿಜವಾದ ಅಳತೆಗೆ ಪ್ರಿಂಟ್ ತೆಗೆದು, ರಟ್ಟಿಗೆ ಅಂಟಿಸಿ, ಗ್ರಿಲ್ಲಿಗೆ ಕಟ್ಟಿ ಹತ್ತು ಹೆಜ್ಜೆ ಹಿಂದೆ ನಿಂತು ನೋಡಿದ್ವಿ. ವಿಧಾನಸೌಧ ಬಾಚಣಿಗೆ ಥರ ಕಾಣ್ತು. ಎಲ್ಲಾ ತೆಗೆದು ಉಳಿಸಿದ್ದು ಎರಡು ದುಂಡು ಹೆಡ್‌ಲೈಟು, ನಡುವೆ ಗ್ರಿಲ್ಲಿನ ಗೆರೆಗಳು, ಕೆಳಗೆ 'ಪದ್ಮಿನಿ' ಅಷ್ಟೇ. ಅದರಲ್ಲೂ 'ದ್ಮಿ'ಯ ಒತ್ತಿನ ಸಂದಿ ಬಣ್ಣ ತುಂಬಿ ಮುಚ್ಚಿಹೋಗ್ತಿತ್ತು, ಅಕ್ಷರವನ್ನ ಕೈಯಲ್ಲಿ ಅಗಲವಾಗಿ ಬರೆದೆ. ಹಿಂದೆ ಎರಡು ತಿರುಪು, ಒಂದೇ ಆದ್ರೆ ಗಾಡಿ ಅದುರಿ ಬಿಲ್ಲೆ ತಿರುಗಿಬಿಡುತ್ತೆ. ರೇಡಿಯೇಟರಿನ ಗಾಳಿಗೆ ಅಡ್ಡ ಬರದ ಹಾಗೆ ಜಾಗ ಪಕ್ಕಕ್ಕೆ. ಅಡಿಯಲ್ಲಿ ಒಂದು ಖಾಲಿ ಪಟ್ಟಿ, ಕಾರು ಮನೆಗೆ ಬಂದ ವರ್ಷ ಹೊಡೆಸೋಕೆ.

ಜಗಳ ಹುಟ್ಟಿದ್ದು ಆ ಪಟ್ಟಿಯಿಂದಲೇ. ಗುಂಪಿನ ಹಿರಿಯರೊಬ್ಬರು ಕಣ್ಣು ಮಂಜಾಯ್ತು ಅಂತ ಹೋದ ವರ್ಷ ಕಾರು ಮಾರಿದ್ರು. "ನನಗೂ ಒಂದು ಇಡಪ್ಪ, 1978 ಅಂತ ಹೊಡೆಸು" ಅಂದ್ರು. ಕಾರೇ ಇಲ್ಲದವರಿಗೆ ಗ್ರಿಲ್ ಬಿಲ್ಲೆ ಯಾಕೆ ಅಂತ ಕೆಲವರ ವಾದ. ಅವರು ಹೇಳೋದು ನಿಯಮದ ಪ್ರಕಾರ ಸರೀನೇ.

ಆದ್ರೆ ಪದ್ಮಿನಿ ತಯಾರಾಗೋದು ನಿಂತು ಎರಡು ದಶಕದ ಮೇಲಾಯ್ತು. 2023ರ ಅಕ್ಟೋಬರಿನಲ್ಲಿ ಮುಂಬೈಯ ಪದ್ಮಿನಿ ಟ್ಯಾಕ್ಸಿಗಳೂ ರಸ್ತೆಯಿಂದ ಇಳಿದ್ವು. ಕಾರು ಇದ್ದೋರಿಗೆ ಮಾತ್ರ ಅಂತ ಕೂತ್ರೆ ವರ್ಷದಿಂದ ವರ್ಷಕ್ಕೆ ಗುಂಪು ಸಣ್ಣದಾಗ್ತಾ ಹೋಗುತ್ತೆ. ಅಚ್ಚಿನ ಖರ್ಚು ಹೇಗೂ ಒಂದೇ ಸಲ. ಒಂದು ಬಿಲ್ಲೆ ಜಾಸ್ತಿ ಮಾಡಿಸೋಣ ಅಂತ ನಾನಂತೂ ಹೇಳಿದೀನಿ. ಭಾನುವಾರ ತೀರ್ಮಾನ.

ನೀವಾಗಿದ್ರೆ ಏನು ಮಾಡ್ತಿದ್ರಿ?