ಉತ್ಸವ ಎರಡು ದಿನ, ಬಾಡಿಗೆ ವರ್ಷಪೂರ್ತಿ

ಜನವರಿ 12, 13 ಬಂತೆಂದರೆ ಸಂಗೊಳ್ಳಿಯ ದಾರಿಗಳೆಲ್ಲ ತುಂಬುತ್ತವೆ. ರಾಯಣ್ಣನ ಉತ್ಸವಕ್ಕೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಮಂದಿ ಬರುತ್ತಾರೆ. ಮಿಕ್ಕ ದಿನಗಳಲ್ಲಿ ಈ ಮಲಪ್ರಭೆ ದಂಡೆಯ ಊರು ತನ್ನ ಹೊಲಮನೆಯ ಕೆಲಸದಲ್ಲಿರುತ್ತದೆ. ಕಾರ್ಯಕ್ರಮ, ಬಸ್ಸು, ವಸತಿಯ ವಿವರ ತಿಳಿಸುವ ಪುಟ್ಟ ವೆಬ್ ಆ್ಯಪ್ ಮಾಡುವ ಹುರುಪು ನಮ್ಮ ಕಾಲೇಜು ಹುಡುಗರಲ್ಲಿದೆ. ಅವರ ಮೊದಲ ಪ್ರಶ್ನೆ: "ಎಲ್ಲಿ ಇಡೋಣ್ರಿ, ತಿಂಗಳಿಗೆ ಎಷ್ಟ ಬೀಳತೈತಿ?"

ಉತ್ಸವದ ಗದ್ದಲ ನೋಡಿ ವರ್ಷವಿಡೀ ದೊಡ್ಡ ಸರ್ವರ್ ಹಿಡಿಯಬೇಡಿ ಎಂಬುದೇ ನನ್ನ ಮಾತು. ಕ್ಲೌಡಿನ ದೊಡ್ಡ ಅನುಕೂಲವೆಂದರೆ ಬಳಸಿದಷ್ಟು ಹೊತ್ತಿಗಷ್ಟೇ ಬಾಡಿಗೆ. ಡಿಜಿಟಲ್ ಓಷನ್ ಎಂಬ ಕ್ಲೌಡ್ ಕಂಪನಿಯಲ್ಲಿ 1 ಜಿಬಿ ಮೆಮೊರಿ, 25 ಜಿಬಿ ಡಿಸ್ಕಿನ ಸರ್ವರಿಗೆ ತಿಂಗಳಿಗೆ 6 ಡಾಲರ್. ಶೇ 18ರ ಜಿಎಸ್‌ಟಿ ಸೇರಿದರೆ 600 ರೂಪಾಯಿಯ ಆಚೀಚೆ. ಉತ್ಸವದ ಹಿಂದಿನ ರಾತ್ರಿ ಸರ್ವರ್ ನಿಲ್ಲಿಸಿ ಮೆಮೊರಿ, ಪ್ರೊಸೆಸರ್ ಹೆಚ್ಚಿಸಿಕೊಂಡು, ಮುಗಿದ ಮೇಲೆ ಇಳಿಸಬಹುದು. ಡಿಸ್ಕನ್ನು ಮಾತ್ರ ಮುಟ್ಟಬೇಡಿ. ಒಮ್ಮೆ ಹಿಗ್ಗಿಸಿದರೆ ಮತ್ತೆ ಕುಗ್ಗುವುದಿಲ್ಲ.

ಸರ್ವರ್ ಎಲ್ಲಿದೆ ಎಂಬುದೂ ಮುಖ್ಯ. ಇಂಟರ್‌ನೆಟ್ ಸಾಗುವ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಆದರೂ ಅಮೆರಿಕಕ್ಕೆ ಹೋಗಿ ಬರಲು 200 ಮಿಲಿಸೆಕೆಂಡಿಗೂ ಹೆಚ್ಚು ಬೇಕು, ಒಂದು ಪುಟ ತೆರೆಯಲು ಅಂಥ ಹಲವು ಸುತ್ತು. 2016ರಿಂದ ಡಿಜಿಟಲ್ ಓಷನ್ ಬೆಂಗಳೂರಿನಲ್ಲಿದೆ, ಅಮೆಜಾನ್ ಮುಂಬೈಯಲ್ಲಿದೆ. ನಮಗೆ ಎರಡೂ ಹತ್ತಿರವೇ.

ಪುಕ್ಕಟೆಯದು ಇಲ್ಲವೇ? ಇದೆ. ಆದರೆ ಅದು ಎರವಲು ತಂದ ಎತ್ತು. ಬಿತ್ತನೆಯ ಹದಕ್ಕೇ ಸಿಗುವ ಭರವಸೆಯಿಲ್ಲ. ರೆಂಡರ್ ಎಂಬ ಕಂಪನಿಯ ಉಚಿತ ಸೇವೆ 15 ನಿಮಿಷ ಯಾರೂ ಬಾರದಿದ್ದರೆ ನಿದ್ದೆಹೋಗುತ್ತದೆ. ಹೆರೋಕು ತನ್ನ ಉಚಿತ ಸೇವೆಯನ್ನು 2022ರ ನವೆಂಬರಿನಲ್ಲಿ ನಿಲ್ಲಿಸಿಯೇಬಿಟ್ಟಿತು. ಬರೀ ಮಾಹಿತಿಯ ಪುಟಗಳಿದ್ದರೆ ಗಿಟ್‌ಹಬ್ ಪೇಜಸ್ ಸಾಕು, ಸರ್ವರೇ ಬೇಡ.

ಮಾಹಿತಿ ಎಷ್ಟೇ ಇದ್ದರೂ ದೊಡ್ಡ ಸರ್ವರ್ ಬೇಕಿಲ್ಲ ಎಂಬ ಮಾತಿಗೆ 'ಅಲರ್' ನೆನಪಾಗುತ್ತದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು. 2019ರಲ್ಲಿ ಮುಕ್ತವಾಗಿ ಜಾಲಕ್ಕೆ ಬಂತು. ಅದರ ಒಂದೂವರೆ ಲಕ್ಷ ನಮೂದುಗಳನ್ನು ಹುಡುಕಿಕೊಡುವ ತಂತ್ರಾಂಶ 'ಡಿಕ್ಟ್‌ಪ್ರೆಸ್' ಎಂದರೆ ಒಂದು ಪ್ರೋಗ್ರಾಂ, ಒಂದು ಡೇಟಾಬೇಸ್, ಅಷ್ಟೇ. ಜೀವಮಾನದ ವಿದ್ವತ್ತಾದರೂ ಕಂಪ್ಯೂಟರಿಗೆ ಅಕ್ಷರ ಹಗುರ. ಭಾರವಾಗುವುದು ಫೋಟೊ, ವಿಡಿಯೊ. ವಿಡಿಯೊವನ್ನು ಯೂಟ್ಯೂಬಿಗೆ ಬಿಡಿ, ಫೋಟೊಗಳನ್ನು ಕುಗ್ಗಿಸಿ ಹಾಕಿ.

ಅಗ್ಗ ಎಂದರೆ ನನ್ನ ಪಾಲಿಗೆ ಮೊದಲೇ ಗೊತ್ತಿರುವ ಬಿಲ್ಲು. ದೊಡ್ಡ ಕ್ಲೌಡುಗಳಲ್ಲಿ ಹೊರಹೋಗುವ ಡೇಟಾಕ್ಕೆ ಬೇರೆ ದರ. ಅಮೆಜಾನ್ 2024ರ ಫೆಬ್ರುವರಿಯಿಂದ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ ಗಂಟೆಗೆ 0.005 ಡಾಲರ್, ಅಂದರೆ ತಿಂಗಳಿಗೆ ಸುಮಾರು 3.6 ಡಾಲರ್ ಹಚ್ಚಿದೆ. ವಂತಿಗೆ ಎತ್ತಿ ನಡೆಸುವ ಕೆಲಸಕ್ಕೆ ನಿಗದಿತ ದರವೇ ಒಳ್ಳೆಯದು.

ಉಳಿಸಿದ ದುಡ್ಡಿನಲ್ಲಿ ಬ್ಯಾಕಪ್ ಕೊಳ್ಳಿ. ಡಿಜಿಟಲ್ ಓಷನ್‌ನಲ್ಲಿ ವಾರಕ್ಕೊಮ್ಮೆಯದಕ್ಕೆ ಸರ್ವರ್ ಬಾಡಿಗೆಯ ಶೇ 20, ಅಂದರೆ 1.20 ಡಾಲರ್. ಡೇಟಾಬೇಸಿನ ಒಂದು ಪ್ರತಿ ನಿಮ್ಮ ಲ್ಯಾಪ್‌ಟಾಪಿನಲ್ಲೂ ಇರಲಿ. ಡಿಸೆಂಬರಿನಲ್ಲೇ ಹೊಸ ಸರ್ವರ್ ತೆರೆದು, ಆ ಪ್ರತಿಯಿಂದ ಆ್ಯಪನ್ನು ಮತ್ತೆ ಎಬ್ಬಿಸಿ ನೋಡಿ. ಬಳಸಿದ ಹೊತ್ತಿನ ಲೆಕ್ಕದಲ್ಲಿ ಅದಕ್ಕೆ ತಗಲುವುದು ಕೆಲವು ರೂಪಾಯಿ. ಅಷ್ಟು ಮಾಡಿದವರು ಯಾವ ಕಂಪನಿ ದರ ಏರಿಸಿದರೂ ಗಂಟುಮೂಟೆ ಕಟ್ಟಿ ಬೇರೆಡೆ ಹೋಗಬಲ್ಲರು.